ದಿನದ ವಚನವನ್ನು ಓದುವ ಬಗೆ: ಕೊಡಗಿನ ಕ್ರೈಸ್ತ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹಲವು ಚರ್ಚುಗಳಲ್ಲಿ ಬಾಗಿಲ ಬಳಿ ಒಂದು ತಟ್ಟೆಯ ತುಂಬ, ಬೈಬಲಿನ ಒಂದೊಂದು ವಚನ ಅಚ್ಚಾಗಿರುವ ವಾಗ್ದಾನದ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಚಳಿಗೆ ಶಾಲಿನೊಳಗೆ ಹುದುಗಿಸಿದ ಕೈಯನ್ನು ಹೊರತೆಗೆದು, ಕಣ್ಣು ಮುಚ್ಚಿ, ಒಂದನ್ನು ಎತ್ತಿಕೊಂಡು, ದೀಪದ ಕೆಳಗೆ ಬಂದು ಓದಿಕೊಳ್ಳುವುದು ವಾಡಿಕೆ. ಒಂದು ವರ್ಷ ನನಗೆ ಬಂದ ಕಾರ್ಡಿನಲ್ಲಿ ಯೋಬನ ಪುಸ್ತಕದ 8ನೆಯ ಅಧ್ಯಾಯದ 7ನೆಯ ವಚನವಿತ್ತು. ಮೊದಲಿನ ಸ್ಥಿತಿ ಅಲ್ಪವಾಗಿದ್ದರೂ ಕಡೆಯ ಸ್ಥಿತಿ ಬಹಳ ವೃದ್ಧಿಯಾಗುವುದೆಂಬ ಮಾತು. ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ತಲೆ ಬಾಚುವಾಗಲೆಲ್ಲ ನೋಡಿ, ಏಳು ತಿಂಗಳು ನೆಮ್ಮದಿಯಾಗಿದ್ದೆ. ಆಟಿಯ ಮಳೆಯಲ್ಲಿ ಎರಡು ದಿನ ಕರೆಂಟು ಹೋಗಿ, ಮಾಡಲು ಬೇರೆ ಕೆಲಸವಿಲ್ಲದೆ ಯೋಬನ ಪುಸ್ತಕವನ್ನು ಮೊದಲಿನಿಂದ ಓದಿದಾಗಲೇ ಆ ಮಾತನ್ನು ಆಡಿದವನು ಯಾರೆಂದು ತಿಳಿದದ್ದು.

ಆಡಿದವನು ದೇವರಲ್ಲ, ಬಿಲ್ದದ. ಏಳು ಗಂಡು, ಮೂರು ಹೆಣ್ಣು, ಹೀಗೆ ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆ ಯೋಬನ ಮುಂದೆ ಕುಳಿತು, ಅದೇ ಅಧ್ಯಾಯದ 4ನೆಯ ವಚನದಲ್ಲಿ ‘ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ಸತ್ತಿರಬೇಕು’ ಎಂಬ ಅರ್ಥದ ಮಾತನ್ನಾಡಿದ ಗೆಳೆಯ ಅವನು. ‘ನೀನು ಶುದ್ಧನಾಗಿದ್ದರೆ ನಿನಗೆ ಒಳ್ಳೆಯದಾಗುತ್ತದೆ’ ಎಂಬ ಷರತ್ತಿನ ಬಾಲವೇ ನನ್ನ ಕಾರ್ಡಿನ ವಚನ. 42ನೆಯ ಅಧ್ಯಾಯದಲ್ಲಿ ದೇವರು ಬಿಲ್ದದನೂ ಯೋಬನ ಬೇರೆ ಗೆಳೆಯರೂ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲವೆಂದು ಸಿಟ್ಟಾಗುತ್ತಾನೆ. ತಮಾಷೆಯೆಂದರೆ, ಯೋಬನ ಕಡೆಯ ದಿನಗಳು ನಿಜವಾಗಿಯೂ ಮೊದಲಿಗಿಂತ ಸಮೃದ್ಧವಾದವು. ಆದರೆ ಬಿಲ್ದದನು ಕೊಟ್ಟ ಕಾರಣದಿಂದಲ್ಲ. ಕಾರ್ಡನ್ನು ನಾನು ಹರಿದು ಹಾಕಲಿಲ್ಲ. ಅದರ ಹಿಂಬದಿಯಲ್ಲಿ ‘ಬಿಲ್ದದ, ಯೋಬನಿಗೆ’ ಎಂದು ಬರೆದು ಬೈಬಲಿನೊಳಗೆ ಇಟ್ಟುಕೊಂಡೆ. ದಿನವೂ ಒಂದು ವಚನದಿಂದ ಧೈರ್ಯವನ್ನೂ ದಾರಿಯನ್ನೂ ಪಡೆಯಬಯಸುವವರು ಮೊದಲು ಮಾಡಿಕೊಳ್ಳಬೇಕಾದ ಅಭ್ಯಾಸ ಇದೇ ಎಂಬುದು ನನ್ನ ಅಭಿಪ್ರಾಯ: ಯಾರು, ಯಾರಿಗೆ, ಯಾವಾಗ ಹೇಳಿದರೆಂದು ಕೇಳಿಕೊಂಡ ಮೇಲೆಯೇ ‘ನನಗೇನು ಹೇಳುತ್ತದೆ’ ಎಂದು ಕೇಳುವುದು. ಮುಂದೆ ಹೇಳುವುದೆಲ್ಲ ಈ ಒಂದು ಅಭ್ಯಾಸವನ್ನು ದಿನಚರಿಗೆ ಇಳಿಸುವ ಬಗೆ.

ಪುಸ್ತಕ, ಜಾಗ, ಹೊತ್ತು

ಫೋನಿನಲ್ಲಿ ಬೈಬಲ್ ಇದ್ದರೂ ಅಚ್ಚಾದ ಒಂದು ಪ್ರತಿ ಮನೆಯಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮರ ಬಿದ್ದು ಕರೆಂಟು ಹೋಗುವುದೂ, ಕರೆಂಟು ಹೋದ ಮೇಲೆ ನೆಟ್‌ವರ್ಕ್ ಹೋಗುವುದೂ ಹೊಸದೇನಲ್ಲ. ಅಷ್ಟೇ ಅಲ್ಲದೆ, ಫೋನು ವಚನವನ್ನು ಒಂಟಿಯಾಗಿ ಕೊಡುತ್ತದೆ, ಪುಟವು ಅದರ ನೆರೆಹೊರೆಯ ಸಮೇತ ಕೊಡುತ್ತದೆ. ಅಚ್ಚಿನ ಪ್ರತಿಗೆ ಇಲ್ಲಿರುವ ಶತ್ರುವೆಂದರೆ ಬೂಷ್ಟು. ಬೈಬಲಿನ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಜುಲೈ ತಿಂಗಳಲ್ಲಿ ಗೋಡೆಯ ಕಪಾಟಿನಲ್ಲಿ ಮುಚ್ಚಿಟ್ಟರೆ ಅಂಚುಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಅಕ್ಷರವೇ ಕಿತ್ತು ಬರುತ್ತದೆ. ನಮ್ಮ ಮನೆಯಲ್ಲಿ ಅದು ಮಳೆಗಾಲವಿಡೀ ಸೌದೆ ಒಲೆಯಿರುವ ಗೋಡೆಯ ಆಚೆ ಬದಿಯ ಹಲಗೆಯ ಮೇಲೆ, ಬಟ್ಟೆಯಲ್ಲಿ ಸುತ್ತಿಕೊಂಡು ಕೂರುತ್ತದೆ. ದಿನವೂ ತೆರೆಯುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಕಡಿಮೆ ಎಂಬುದೂ ಅನುಭವದ ಮಾತೇ.

ಯಾವ ಅನುವಾದ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸುವ ಹೊತ್ತಿಗೆ ಕನ್ನಡದ ಬೈಬಲ್ಲಿಗೆ ಎರಡು ದಶಕ ತುಂಬಿತ್ತು. ಇಂದು ಪ್ರಾಟೆಸ್ಟೆಂಟ್ ಮನೆಗಳಲ್ಲಿ ಹೆಚ್ಚಾಗಿರುವುದು ‘ಯೆಹೋವನು’, ‘ಬರುವದು’, ‘ಇರ್ರಿ’ ಎಂಬ ಹಳೆಯ ನುಡಿಗಟ್ಟಿನ ‘ಸತ್ಯವೇದವು’. ಅದಕ್ಕೆ ಬಾಯಿಗೆ ಕೂರುವ ಲಯವಿದೆ, ಬಾಯಿಪಾಠಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಪೌಲನ ಪತ್ರಗಳ ಉದ್ದುದ್ದ ವಾಕ್ಯಗಳಲ್ಲಿ ಮಾತ್ರ ಅದು ಓದುಗನನ್ನು ನಡುದಾರಿಯಲ್ಲಿ ಬಿಟ್ಟುಬಿಡುವುದುಂಟು. ಆಗ ಸರಳಗನ್ನಡದ ಅನುವಾದವೊಂದು ಪಕ್ಕದಲ್ಲಿದ್ದರೆ ಉಪಕಾರ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರಾಟೆಸ್ಟೆಂಟರದರಲ್ಲಿ 66. ನೆರೆಮನೆಯವರೊಡನೆ ಕೂಡಿ ಓದುವಾಗ ಒಬ್ಬರ ಕೈಯಲ್ಲಿರುವ ಪುಸ್ತಕ ಇನ್ನೊಬ್ಬರಲ್ಲಿ ಸಿಗದಿದ್ದರೆ ಗಾಬರಿ ಬೇಡ.

ಕೊಡಗಿನ ಕ್ರೈಸ್ತರಿಗೆ ಇಲ್ಲಿ ಒಂದು ಅನುಕೂಲವುಂಟು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಆಶ್ರಯ ಪಡೆದ ಕೊಂಕಣಿ ಕಥೋಲಿಕರಿಂದ ಹಿಡಿದು (ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ಆ ಕಾಲದ್ದು, 1792ರದು) ತೋಟದ ಕೆಲಸಕ್ಕೆಂದು ಬಂದ ತಮಿಳರು, ಗಡಿ ದಾಟಿ ಬಂದ ಮಲಯಾಳಿಗಳವರೆಗೆ, ಮನೆಯ ಮಾತು ಒಂದು, ಶಾಲೆಯಲ್ಲಿ ಕಲಿತ ಓದು ಕನ್ನಡ ಎಂಬ ಸ್ಥಿತಿ ನಮ್ಮಲ್ಲಿ ಸಾಮಾನ್ಯ. ಅಜ್ಜಿಯ ಮಲಯಾಳಂ ಬೈಬಲನ್ನು ಅಜ್ಜಿಯೇ ಓದಲಿ, ನೀವು ಕನ್ನಡದ್ದನ್ನು ಹಿಡಿದು ಕೇಳಿ. ಎರಡು ಭಾಷೆಗಳು ಒಂದೇ ವಚನವನ್ನು ಬೇರೆ ಪದದಲ್ಲಿ ಹೇಳಿದ ಕಡೆ ನಿಂತು ವಿಚಾರಿಸಿದರೆ, ಅರ್ಥದ ಬಾಗಿಲು ಅಲ್ಲೇ ತೆರೆಯುತ್ತದೆ.

ಹೊತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೆಳಗಿನ ಕಾಫಿಗೂ ತೋಟದ ಕೆಲಸಗಾರರ ಹಾಜರಿಯ ಹೊತ್ತಿಗೂ ನಡುವೆ ಹದಿನೈದು ನಿಮಿಷ ಸಾಕು. ರೋಬಸ್ಟಾ ಕೊಯ್ಲಿನ ತಿಂಗಳುಗಳಲ್ಲಿ ಅದೂ ಸಿಗದಿದ್ದರೆ ರಾತ್ರಿ ಊಟದ ನಂತರ ಓದಿ, ಆ ವಚನವನ್ನು ಮರುದಿನದ್ದೆಂದು ಇಟ್ಟುಕೊಳ್ಳಬಹುದು. ಹೊತ್ತಿಗಿಂತ ಜಾಗ ಮುಖ್ಯ. ದಿನವೂ ಒಂದೇ ಕುರ್ಚಿ, ಒಂದೇ ಕಿಟಕಿ ಇದ್ದರೆ ಮನಸ್ಸು ತಾನಾಗಿ ಅಲ್ಲಿಗೆ ಬಂದು ಕೂರುತ್ತದೆ.

ಎಲ್ಲಿಂದ ಓದಬೇಕು

ಕಣ್ಣು ಮುಚ್ಚಿ ತೆರೆದ ಪುಟದಿಂದಲ್ಲ. ಒಂದು ಪುಸ್ತಕವನ್ನು ಆರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ, ದಿನಕ್ಕೆ ಒಂದು ಅಧ್ಯಾಯ ಅಥವಾ ಅರ್ಧ ಅಧ್ಯಾಯ ಓದಬೇಕು. ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ, ಒಂದು ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರು ಅಥವಾ ನಾಲ್ಕು ಓದಬೇಕಾಗುತ್ತದೆ. ಜನವರಿಯಲ್ಲಿ ಈ ಹುರುಪಿನಿಂದ ಹೊರಟವರು ಫೆಬ್ರವರಿಯಲ್ಲಿ ಯಾಜಕಕಾಂಡದ ಬಲಿಗಳ ನಡುವೆ ಕುಸಿಯುವುದನ್ನು ನಾನು ಬಹಳ ನೋಡಿದ್ದೇನೆ, ನಾನೂ ಎರಡು ಸಲ ಕುಸಿದಿದ್ದೇನೆ. ದಿನದ ಧೈರ್ಯಕ್ಕೆಂದು ಓದುವವರಿಗೆ ಅಷ್ಟು ಓಟ ಬೇಕಾಗಿಲ್ಲ.

ಹೊಸದಾಗಿ ಆರಂಭಿಸುವವರು ಮಾರ್ಕನ ಸುವಾರ್ತೆಯಿಂದ ತೊಡಗಲಿ. ಹದಿನಾರು ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು, ಹದಿನಾರು ದಿನಕ್ಕೆ ಮುಗಿಯುತ್ತದೆ. ಅದರ ಜೊತೆಗೆ ದಿನಕ್ಕೊಂದು ಕೀರ್ತನೆ. 150 ಕೀರ್ತನೆಗಳು ಐದು ತಿಂಗಳಿಗೆ ಬರುತ್ತವೆ, 176 ವಚನಗಳಿರುವ 119ನೆಯದನ್ನು ಮಾತ್ರ ಒಡೆದು ಓದಬೇಕು. ಜ್ಞಾನೋಕ್ತಿಗಳ 31 ಅಧ್ಯಾಯಗಳನ್ನು ತಿಂಗಳ ತಾರೀಖಿಗೆ ಹೊಂದಿಸಿ ಓದುವ ರೂಢಿಯೂ ಒಳ್ಳೆಯದೇ, ಕೆಲಸಗಾರರೊಡನೆಯೂ ವ್ಯಾಪಾರಿಗಳೊಡನೆಯೂ ದಿನವಿಡೀ ವ್ಯವಹರಿಸುವವರಿಗೆ ವಿಶೇಷವಾಗಿ. ಕಥೋಲಿಕರಿಗೆ ಆಯ್ಕೆಯ ತಲೆನೋವೇ ಇಲ್ಲ. ಆ ದಿನದ ಬಲಿಪೂಜೆಯ ವಾಚನಗಳನ್ನೇ ಮನೆಯಲ್ಲಿ ಓದಿಕೊಂಡರೆ, ಲೋಕದ ಮೂಲೆಮೂಲೆಯ ಚರ್ಚುಗಳೊಡನೆ ಅದೇ ಪುಟದಲ್ಲಿ ಕುಳಿತಂತಾಗುತ್ತದೆ.

ಹಾಗಾದರೆ ಕ್ಯಾಲೆಂಡರಿನಲ್ಲಿ ಬರುವ ದಿನದ ವಚನ ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಆ ಪದ್ಧತಿಗೆ ಗೌರವದ ಚರಿತ್ರೆಯೇ ಇದೆ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಸಭೆ ಎಂಬ ಪ್ರಾಟೆಸ್ಟೆಂಟ್ ಪಂಗಡದವರು 1728ರಲ್ಲಿ ದಿನಕ್ಕೊಂದು ವಚನವನ್ನು ಮನೆಮನೆಗೆ ಒಯ್ದು ಹೇಳುವ ರೂಢಿಯನ್ನು ಆರಂಭಿಸಿದರು. 1731ರಿಂದ ಅದು ಪುಸ್ತಕವಾಗಿ ವರ್ಷವರ್ಷವೂ ಬರುತ್ತಿದೆ. ಅಲ್ಲಿ ಹಳೆಯ ಒಡಂಬಡಿಕೆಯ ವಚನವನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವೊಂದನ್ನು ಕೂತು ಯೋಚಿಸಿ ಜೋಡಿಸುತ್ತಾರೆ. ಆದರೆ ಆ ಚೀಟಿ ಇಡೀ ಸಭೆಗೆ, ವರ್ಷಗಳ ಮೊದಲೇ ಎತ್ತಿದ್ದು. ಯಾರೊಬ್ಬರ ತೋಟ ಮಾರಬೇಕೇ ಬೇಡವೇ ಎಂಬುದಕ್ಕೆ ಎತ್ತಿದ್ದಲ್ಲ. ಕ್ಯಾಲೆಂಡರಿನ ವಚನವನ್ನು ಬಾಗಿಲು ಎಂದುಕೊಂಡು, ಆ ಅಧ್ಯಾಯದೊಳಗೆ ಹೋಗಿ ಬಂದರೆ ಯಾವ ತೊಂದರೆಯೂ ಇಲ್ಲ.

ವಚನದ ನೆರೆಹೊರೆ

ಬೈಬಲನ್ನು ಬರೆದವರು ವಚನಗಳಿಗೆ ಸಂಖ್ಯೆ ಹಾಕಲಿಲ್ಲ. ಅಧ್ಯಾಯಗಳ ಈಗಿನ ವಿಭಾಗ 13ನೆಯ ಶತಮಾನದ ಆರಂಭದ್ದು, ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿನೊಡನೆ ಬಂದದ್ದು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು ಹಾಕಿದವರು ರಾಬೆರ್ ಎಸ್ತಿಯೆನ್ ಎಂಬ ಮುದ್ರಕರು, 1551ರಲ್ಲಿ. ಆದ್ದರಿಂದ ಒಂದು ಸಂಖ್ಯೆಗೂ ಇನ್ನೊಂದು ಸಂಖ್ಯೆಗೂ ನಡುವೆ ಇರುವುದನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಲು ದೇವರ ಅಪ್ಪಣೆಯೇನೂ ಇಲ್ಲ. ಪತ್ರವನ್ನು ಪತ್ರವಾಗಿ, ಹಾಡನ್ನು ಹಾಡಾಗಿ, ಕಥೆಯನ್ನು ಕಥೆಯಾಗಿ ಓದಬೇಕು.

ಯೆರೆಮೀಯ 29:11ನ್ನೇ ನೋಡೋಣ. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ. ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನು ಎಂಬ ಭಾವದ ಈ ಮಾತನ್ನು ಪರೀಕ್ಷೆಗೆ ಹೋಗುವ ಮಕ್ಕಳಿಗೆ, ಮದುವೆಯ ಕರೆಯೋಲೆಗೆ, ಹೊಸ ಅಂಗಡಿಯ ಗೋಡೆಗೆ ನಾವು ಹಾಕುತ್ತೇವೆ. ಈಗ ಅಧ್ಯಾಯದ ತಲೆಗೆ ಹೋಗಿ. ಇದು ಪತ್ರ. ಬರೆದವನು ಯೆರೂಸಲೇಮಿನಲ್ಲಿರುವ ಯೆರೆಮೀಯ, ಓದುವವರು ಬಾಬೆಲಿಗೆ ಸೆರೆಯಾಗಿ ಹೋದವರು. ಇನ್ನೇನು ಬೇಗನೆ ಊರಿಗೆ ಹಿಂತಿರುಗುತ್ತೇವೆಂದು ಹೇಳುವ ಪ್ರವಾದಿಗಳು ಅವರ ಸುತ್ತ ಇದ್ದಾರೆ. ಯೆರೆಮೀಯನು ಅದನ್ನು ಅಲ್ಲಗಳೆದು, 5ನೆಯ ವಚನದಲ್ಲಿ ಅಲ್ಲಿಯೇ ಮನೆ ಕಟ್ಟಿ ವಾಸಿಸಿರಿ, ತೋಟ ಮಾಡಿ ಫಲವನ್ನು ತಿನ್ನಿರಿ ಎನ್ನುತ್ತಾನೆ. 7ನೆಯದರಲ್ಲಿ ಸೆರೆಯಾಗಿ ಹೋದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎನ್ನುತ್ತಾನೆ. 10ನೆಯದರಲ್ಲಿ ಎಪ್ಪತ್ತು ವರ್ಷವೆಂದು ಲೆಕ್ಕ ಕೊಡುತ್ತಾನೆ. ಎಂದರೆ, ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಹಿಂತಿರುಗುವ ದಿನವನ್ನು ನೋಡುವುದಿಲ್ಲ. ಅದರ ನಂತರ ಬರುವುದು 11ನೆಯ ವಚನ.

ಇಷ್ಟು ತಿಳಿದ ಮೇಲೆ ವಚನದ ಸಿಹಿ ಕಡಿಮೆಯಾಯಿತೇ? ನನಗೆ ಹೆಚ್ಚಾಯಿತು. ಮುಂದಿನ ವಾರದ ಫಲಿತಾಂಶದ ಭರವಸೆಯಾಗಿದ್ದ ಮಾತು, ಎಷ್ಟೋ ವರ್ಷ ಹಿಡಿಯುವ ಕಷ್ಟದಲ್ಲಿರುವವನಿಗೆ ಊರುಗೋಲಾಗಿ ನಿಂತಿತು. ಎಲ್ಲಿಂದಲೋ ಬಂದು ತೋಟದ ಕೆಲಸಗಾರರ ಲೈನ್ ಮನೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿ, ತನ್ನದಲ್ಲದ ತೋಟದಲ್ಲಿ ಗಿಡ ನೆಡುತ್ತಿರುವ ಕುಟುಂಬಕ್ಕೆ 5ನೆಯ, 7ನೆಯ ವಚನಗಳು ಏನು ಹೇಳುತ್ತವೆಂದು ಯೋಚಿಸಿ ನೋಡಿ. ಕಾರ್ಡಿನಲ್ಲಿ ಆ ಎರಡು ವಚನಗಳನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಇದೇ ರೀತಿ ಫಿಲಿಪ್ಪಿಯವರಿಗೆ 4:13, ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತು, ಬೇಡಿಯಲ್ಲಿದ್ದವನು ಬರೆದದ್ದು. ಅದರ ಹಿಂದಿನ ವಚನದಲ್ಲಿ ಹಸಿದಿರುವುದನ್ನೂ ತೃಪ್ತನಾಗಿರುವುದನ್ನೂ ಕಲಿತಿದ್ದೇನೆಂದು ಪೌಲನು ಹೇಳುತ್ತಾನೆ. ಪಂದ್ಯ ಗೆಲ್ಲುವ ಶಕ್ತಿಯ ಮಾತಲ್ಲ ಅದು, ಕೊರತೆಯನ್ನು ತಾಳುವ ಶಕ್ತಿಯದು. ಕೀರ್ತನೆ 121ರ ಆರಂಭವನ್ನು ನಮ್ಮ ಬೆಟ್ಟಗಳ ಚಿತ್ರದ ಮೇಲೆ ಬರೆದು ಗೋಡೆಗೆ ಹಾಕುವವರು ಇದ್ದಾರೆ. ಬೆಟ್ಟಗಳ ಕಡೆಗೆ ಕಣ್ಣೆತ್ತಿ ನೋಡುವ ಆ ಸಾಲು ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆಂಬುದನ್ನೂ, ಸಹಾಯ ಬರುವುದು ಬೆಟ್ಟಗಳಿಂದಲ್ಲ, ಭೂಮ್ಯಾಕಾಶಗಳನ್ನು ಉಂಟುಮಾಡಿದಾತನಿಂದ ಎಂಬ ಉತ್ತರ ಮುಂದಿನ ವಚನದಲ್ಲಿದೆಯೆಂಬುದನ್ನೂ ಮರೆಯಬಾರದು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಮನೆಗಳನ್ನೂ ತೋಟಗಳನ್ನೂ ಎಳೆದುಕೊಂಡು ಜಾರಿದ ಮೇಲೆ ಈ ಪ್ರಶ್ನಾರ್ಥಕ ಚಿಹ್ನೆಯ ಬೆಲೆ ನಮಗೆ ತಿಳಿಯಿತು. ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ಭಯವಿಲ್ಲವೆನ್ನುವ 46ನೆಯ ಕೀರ್ತನೆಯನ್ನು ನಾವು ಅದಕ್ಕೆ ಮೊದಲು ಉಪಮೆಯೆಂದು ಓದುತ್ತಿದ್ದೆವು.

ಒಂದು ವಚನ, ಮೂರು ಸಾಲು

ಅಧ್ಯಾಯವನ್ನು ಓದಿ ಮುಗಿಸಿದ ಮೇಲೆ, ಅದರಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ವಚನವನ್ನು ಆರಿಸಿಕೊಳ್ಳಿ. ಅದು ಸಮಾಧಾನದ ವಚನವೇ ಆಗಿರಬೇಕೆಂದಿಲ್ಲ; ಚುಚ್ಚಿದ್ದೂ ಆಗಬಹುದು, ಅರ್ಥವಾಗದೆ ಕಾಡಿದ್ದೂ ಆಗಬಹುದು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ವಚನವನ್ನು ಕೈಯಾರೆ ಪೂರ್ತಿ ಬರೆಯಿರಿ. ಓದುವಾಗ ಜಾರಿಹೋಗುವ ‘ಆದರೂ’, ‘ಆದಕಾರಣ’, ‘ಆಗ’ ಎಂಬ ಪುಟ್ಟ ಪದಗಳು ಬರೆಯುವಾಗ ಕೈಗೆ ಸಿಗುತ್ತವೆ. ಅದರ ಕೆಳಗೆ ಮೂರು ಸಾಲು: ಇದನ್ನು ಯಾರು ಯಾರಿಗೆ ಹೇಳಿದರು, ಇದರಿಂದ ದೇವರ ಬಗೆಗೆ ಏನು ತಿಳಿಯುತ್ತದೆ, ಇಂದು ನಾನು ಮಾಡಬೇಕಾದದ್ದೋ ಬಿಡಬೇಕಾದದ್ದೋ ಏನಾದರೂ ಇದೆಯೇ.

ಒಂದು ದಿನದ ನನ್ನ ಪುಟ ಹೀಗಿದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದೆ ಮಾರ್ಚ್ ಮುಗಿಯುತ್ತಿದ್ದ ವಾರ, ಹಬಕ್ಕೂಕ 3:17-18. ಅಂಜೂರ ಚಿಗುರದಿದ್ದರೂ, ದ್ರಾಕ್ಷೆಯಲ್ಲಿ ಹಣ್ಣಿಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನಗಳಿಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುವ ಮಾತು. ಮೊದಲ ಸಾಲಿನಲ್ಲಿ ‘ಪ್ರವಾದಿ, ದೇವರಿಗೆ; ಶತ್ರು ದಂಡೆತ್ತಿ ಬರುವುದನ್ನು ಕಾಯುತ್ತಾ’ ಎಂದಿದೆ. ಎರಡನೆಯದರಲ್ಲಿ ‘ಬೆಳೆ ಕೊಟ್ಟರೆ ಮಾತ್ರ ದೇವರು ಎಂದು ಇವನು ಲೆಕ್ಕ ಇಡಲಿಲ್ಲ’ ಎಂದು. ಮೂರನೆಯದರಲ್ಲಿ ‘ಸ್ಪ್ರಿಂಕ್ಲರ್ ಇರುವ ಪಕ್ಕದ ತೋಟವನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದನ್ನು ಇವತ್ತು ಬಿಡುವುದು’ ಎಂದು. ಮೂರನೆಯ ಸಾಲು ಅಷ್ಟು ಸಣ್ಣದಾಗಿ, ಅಂದೇ ಮಾಡಬಹುದಾದಷ್ಟು ಹತ್ತಿರದ್ದಾಗಿ ಇರಬೇಕು. ‘ಇನ್ನು ಮುಂದೆ ಒಳ್ಳೆಯವನಾಗುತ್ತೇನೆ’ ಎಂದು ಬರೆದ ನನ್ನ ಪುಟಗಳಿಂದ ನನಗೆ ಒಂದು ಕಾಸಿನ ಪ್ರಯೋಜನವಾಗಿಲ್ಲ. ಕೆಲವು ದಿನ ಮೂರನೆಯ ಸಾಲಿಗೆ ಏನೂ ಹೊಳೆಯುವುದಿಲ್ಲ, ಆಗ ಖಾಲಿ ಬಿಡುವುದೇ ಪ್ರಾಮಾಣಿಕ.

ಮಣಮಣ ಎನ್ನುವುದು

ಒಂದನೆಯ ಕೀರ್ತನೆಯ ಎರಡನೆಯ ವಚನದಲ್ಲಿ ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸುವವನ ಮಾತು ಬರುತ್ತದೆ. ‘ಧ್ಯಾನ’ ಎಂದಕೂಡಲೇ ಕನ್ನಡದ ಮನಸ್ಸಿಗೆ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಮೌನವಾಗಿ ಕುಳಿತ ಆಕೃತಿ ಕಾಣುತ್ತದೆ. ಅಲ್ಲಿರುವ ಹೀಬ್ರೂ ಕ್ರಿಯಾಪದ ‘ಹಾಗಾ’ ಮಾತ್ರ ಬಾಯಿಯದು. ಯೆಶಾಯನ 31ನೆಯ ಅಧ್ಯಾಯದಲ್ಲಿ ಬೇಟೆಯ ಮೇಲೆ ಸಿಂಹ ಗುರುಗುಟ್ಟುವುದಕ್ಕೂ, 38ನೆಯದರಲ್ಲಿ ಪಾರಿವಾಳ ಮೂಲುಗುವುದಕ್ಕೂ ಅದೇ ಪದವಿದೆ. ಎಂದರೆ ತುಟಿಯಲ್ಲಿ ಮಣಮಣ ಎಂದುಕೊಳ್ಳುವುದು, ದನ ಮೆಲುಕು ಹಾಕಿದಂತೆ ತಿರುಗಿ ತಿರುಗಿ ಬಾಯಿಗೆ ತಂದುಕೊಳ್ಳುವುದು. ಕೆಲಸ ಮಾಡುವ ಕೈಗಳಿಗೆ ಇದು ಎಷ್ಟು ಹೊಂದುತ್ತದೆ! ಕಾಫಿ ಕೊಯ್ಯುವಾಗ, ಕಣದಲ್ಲಿ ಹಣ್ಣು ಹರಡುವಾಗ, ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವ ಬಸ್ಸಿನ ತಿರುವುಗಳಲ್ಲಿ, ಬಾಯಿಗೆ ಬೇರೆ ಕೆಲಸವಿರುವುದಿಲ್ಲ.

ಆದ್ದರಿಂದ ಆರಿಸಿದ ವಚನವನ್ನು ಬಾಯಿಪಾಠ ಮಾಡಿ. ಉದ್ದವಾಗಿದ್ದರೆ ಅರ್ಧ ಸಾಕು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬುದರಲ್ಲಿ ಎಣಿಸಿದರೆ ನಾಲ್ಕು ಪದ. ಒಂದೊಂದು ಸಲ ಒಂದೊಂದು ಪದಕ್ಕೆ ಒತ್ತು ಕೊಟ್ಟು ಹೇಳಿಕೊಳ್ಳಿ: ‘ಯೆಹೋವನು’ ಎಂದಾಗ ಬೇರೆ ಯಾರೂ ಅಲ್ಲ ಎಂಬುದು, ‘ನನಗೆ’ ಎಂದಾಗ ಊರಿಗೆಲ್ಲ ಇರುವಂತೆ ನನಗೂ ಎಂಬುದು, ‘ಕುರುಬನು’ ಎಂದಾಗ ಕುರಿ ದಾರಿ ತಪ್ಪುವ ಪ್ರಾಣಿ ಎಂಬುದು ಒಂದರ ಮೇಲೊಂದು ಏಳುತ್ತವೆ. ಮಧ್ಯಾಹ್ನದ ಊಟಕ್ಕೆ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ ನೋಡದೆ ಹೇಳಲು ಬಂದರೆ ಆ ದಿನದ ಓದು ಆಯಿತು. ವಾರಕ್ಕೊಂದು ವಚನವನ್ನೇ ಉಳಿಸಿಕೊಂಡರೂ ವರ್ಷಕ್ಕೆ ಐವತ್ತೆರಡಾಗುತ್ತದೆ.

ದಾರಿ ಕೇಳುವಾಗ

ಧೈರ್ಯಕ್ಕಿಂತ ಮಾರ್ಗದರ್ಶನದಲ್ಲಿ ನಾವು ಎಡವುವುದು ಹೆಚ್ಚು. ನನ್ನ ಮೂರ್ಖತನವನ್ನೇ ಹೇಳುತ್ತೇನೆ. ಒಂದು ವರ್ಷ ಕರಿಮೆಣಸನ್ನು ಆಗಲೇ ಕೊಡುವುದೋ, ಬೆಲೆ ಏರುವವರೆಗೆ ಇಡುವುದೋ ಎಂಬ ಗೊಂದಲದಲ್ಲಿ ಪ್ರಾರ್ಥಿಸಿ, ಬೈಬಲನ್ನು ತೆರೆದು ಬೆರಳಿಟ್ಟೆ. ಬೆರಳು ನಿಂತದ್ದು 27ನೆಯ ಕೀರ್ತನೆಯ ಕೊನೆಯ ವಚನದ ಮೇಲೆ: ಯೆಹೋವನನ್ನು ನಿರೀಕ್ಷಿಸಿಕೊಂಡಿರು, ಧೈರ್ಯವಾಗಿರು. ಕಾಯಲು ಹೇಳಿದ್ದಾನೆಂದು ಮೂಟೆಗಳನ್ನು ಅಟ್ಟಕ್ಕೆ ಏರಿಸಿದೆ. ಬೆಲೆ ಇಳಿಯಿತು, ಇನ್ನೂ ಇಳಿಯಿತು, ಮಗಳ ಕಾಲೇಜು ಶುಲ್ಕದ ಹೊತ್ತಿಗೆ ಸಿಕ್ಕಿದ ದರಕ್ಕೆ ಕೊಡಬೇಕಾಯಿತು. ಕೀರ್ತನೆ ಸುಳ್ಳಾಡಲಿಲ್ಲ. ಶತ್ರುಗಳ ನಡುವೆ ದೇವರಿಗಾಗಿ ಕಾಯುವವನ ಹಾಡು ಅದು. ಮಾರುಕಟ್ಟೆಗಾಗಿ ಕಾಯಲು ಅದು ಹೇಳಿರಲೇ ಇಲ್ಲ. ನಾನು ಮೊದಲೇ ಬಯಸಿದ್ದಕ್ಕೆ ಒಂದು ರುಜು ಬೇಕಾಗಿತ್ತು, ಅಷ್ಟೆ.

ವಚನವೊಂದು ಬಾಯಿಗೆ ಬಂದ ಮಾತ್ರಕ್ಕೆ ಅದು ದಾರಿಯಾಗುವುದಿಲ್ಲವೆಂಬುದಕ್ಕೆ ಬೈಬಲಿನಲ್ಲೇ ಸಾಕ್ಷಿಯಿದೆ. ಮತ್ತಾಯನ 4ನೆಯ ಅಧ್ಯಾಯದಲ್ಲಿ ಸೈತಾನನು ದೇವಾಲಯದ ಶಿಖರದ ಮೇಲೆ 91ನೆಯ ಕೀರ್ತನೆಯನ್ನು ಉದ್ಧರಿಸಿ ‘ಕೆಳಕ್ಕೆ ದುಮುಕು’ ಎನ್ನುತ್ತಾನೆ. ಯೇಸು ಆ ಕೀರ್ತನೆಯನ್ನು ಅಲ್ಲಗಳೆಯುವುದಿಲ್ಲ, ಇನ್ನೊಂದು ವಚನವನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ. ನಾವೂ ಕಲಿಯಬೇಕಾದ ಮೊದಲ ಕ್ರಮ ಅದು: ಒಂದು ವಚನ ಹೇಳಿದ್ದನ್ನು ಇನ್ನೊಂದರ ಜೊತೆ ಇಟ್ಟು ನೋಡುವುದು.

ಆಮೇಲೆ ಜನ. ಆಲೋಚನೆ ಹೇಳುವವರಿಲ್ಲದೆ ಉದ್ದೇಶ ಕೆಡುತ್ತದೆಂದು ಜ್ಞಾನೋಕ್ತಿ 15:22 ಹೇಳುತ್ತದೆ. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ತುಂಬ ಚರ್ಚೆ ನಡೆಸಿ, ಅನುಭವಗಳನ್ನು ಕೇಳಿ, ಪ್ರವಾದಿಗಳ ಮಾತನ್ನು ನೋಡಿ, ಕೊನೆಗೆ ‘ಪವಿತ್ರಾತ್ಮನಿಗೂ ನಮಗೂ ಸರಿಯೆಂದು ತೋರಿತು’ ಎಂಬರ್ಥದ ಪತ್ರ ಬರೆಯುತ್ತದೆ. ದೊಡ್ಡ ನಿರ್ಧಾರವೊಂದು ಎದುರಿಗಿದ್ದಾಗ, ಮದುವೆ, ಜಾಗದ ವ್ಯವಹಾರ, ಊರು ಬಿಡುವುದು, ಇಂಥವುಗಳಲ್ಲಿ, ಕನಿಷ್ಠ ಮೂರು ನಾಲ್ಕು ವಾರ ಕ್ರಮವಾಗಿ ಓದುತ್ತಾ, ಆ ಕುರಿತು ಹೊಳೆದದ್ದನ್ನು ನೋಟ್‌ಬುಕ್ಕಿನಲ್ಲಿ ಗುರುತಿಸುತ್ತಾ ಇರಿ. ನಿಮಗೆ ಸಿಹಿ ಹೇಳುವವರಲ್ಲದ ಇಬ್ಬರನ್ನು, ಸಭಾಪಾಲಕರನ್ನೋ ಫಾದರನ್ನೋ ಮನೆಯ ಹಿರಿಯರನ್ನೋ, ಕೇಳಿ. ಲೆಕ್ಕ ಹಾಕಬೇಕಾದದ್ದನ್ನು ಲೆಕ್ಕವನ್ನೇ ಹಾಕಿ. ‘ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ’ ಎನ್ನುವ ಕೀರ್ತನೆ 119:105ರ ದೀಪ ಎಣ್ಣೆಯ ಪುಟ್ಟ ದೀಪ. ಆನೆ ಓಡಾಡುವ ದಾರಿಯಲ್ಲಿ ಬ್ಯಾಟರಿ ಹಿಡಿದು ರಾತ್ರಿ ನಡೆದವರಿಗೆ ಗೊತ್ತು, ಬೆಳಕು ಬೀಳುವುದು ಮುಂದಿನ ಎರಡು ಹೆಜ್ಜೆಗೆ ಮಾತ್ರ.

ಓದಲಾಗದ ದಿನಗಳು

ಎಲ್ಲ ದಿನವೂ ಉತ್ಸಾಹದ ವಚನ ಒಗ್ಗುವುದಿಲ್ಲ. ಕೀರ್ತನೆಗಳಲ್ಲಿ ಬಹಳಷ್ಟು ಗೋಳಾಟದವು. 13ನೆಯದು ‘ಎಲ್ಲಿಯವರೆಗೆ’ ಎಂದು ತಿರುಗಿ ತಿರುಗಿ ಕೇಳುತ್ತದೆ, 88ನೆಯದು ಸಮಾಧಾನಕ್ಕೆ ಬಾರದೆ ಕತ್ತಲೆಯಲ್ಲೇ ಮುಗಿಯುತ್ತದೆ. ಸಾವಿನ ಮನೆಯಲ್ಲಿ, ಸಾಲದ ತಿಂಗಳಲ್ಲಿ ಅವುಗಳನ್ನು ಗಟ್ಟಿಯಾಗಿ ಓದುವುದು ಅವಿಶ್ವಾಸವಲ್ಲ.

ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನೂ ಗಮನಿಸಿ. ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ‘ನನ್ನ ಪ್ರಾಣವನ್ನು ತೆಗೆದುಬಿಡು’ ಎಂದು ಬೇಡಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದನು. ದೇವರ ಮೆಲುದನಿ ಕೇಳಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಹೋರೇಬಿನಲ್ಲಿ. ಊಟ, ನಿದ್ದೆ ತಪ್ಪಿ ಬದುಕೇ ಬೇಡವೆನಿಸುತ್ತಿದ್ದರೆ ವಚನವನ್ನು ಔಷಧದ ಬದಲಿಗೆ ಇಡಬೇಡಿ. ವೈದ್ಯರನ್ನು ಕಾಣಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲನೇ ತಿಮೊಥೆಯನಿಗೆ ಬರೆದಿದ್ದಾನೆ.

ನಾಲ್ಕು ದಿನ ಓದು ತಪ್ಪಿತೆಂದರೆ ಆ ನಾಲ್ಕು ದಿನದ್ದನ್ನು ಒಟ್ಟಿಗೆ ಓದಿ ಸಾಲ ತೀರಿಸಲು ಹೋಗಬೇಡಿ. ನಿಂತ ಪುಟದಿಂದಲೇ ಇಂದಿನದನ್ನು ಓದಿ.

ಇನ್ನೊಬ್ಬರಿಗೆ ಕೊಡುವಾಗ

ಬೆಳಿಗ್ಗೆ ಆರಕ್ಕೆ ಗುಲಾಬಿಯ ಚಿತ್ರದ ಮೇಲೆ ಬರೆದ ವಚನವನ್ನು ನೂರು ಜನಕ್ಕೆ ವಾಟ್ಸಾಪಿನಲ್ಲಿ ಕಳಿಸುವುದರಲ್ಲಿ ಕೆಡುಕೇನಿಲ್ಲ, ಪ್ರಯೋಜನವೂ ಹೆಚ್ಚಿಲ್ಲ ಎಂದು ನನ್ನ ಅನಿಸಿಕೆ. ನೀವು ಓದಿ, ಬರೆದು, ಮೆಲುಕು ಹಾಕಿದ ವಚನವನ್ನು ಒಬ್ಬರಿಗೆ, ಅವರ ಹೆಸರು ಹಿಡಿದು, ಏಕೆ ಅವರ ನೆನಪಾಯಿತೆಂಬ ಒಂದು ಸಾಲಿನೊಡನೆ ಕಳಿಸಿ. ದುಃಖದ ಮನೆಗೆ ಹೋದಾಗ ಮಾತ್ರ ಆತುರ ಬೇಡ. ಎಲ್ಲವೂ ಹಿತಕ್ಕಾಗಿ ಕೂಡಿಬರುತ್ತದೆನ್ನುವ ರೋಮಾಪುರದವರಿಗೆ 8:28 ಸತ್ಯವೇ ಆದರೂ, ಶವದ ಪಕ್ಕದಲ್ಲಿ ಅದನ್ನು ಹೇಳುವ ಹಕ್ಕು ಅಳುತ್ತಿರುವವರದು, ನೋಡಲು ಹೋದವರದಲ್ಲ. ಅದೇ ಪತ್ರದ 12:15 ಅಳುವವರ ಸಂಗಡ ಅಳಿರಿ ಎನ್ನುತ್ತದೆ. ಯೋಬನ ಆ ಗೆಳೆಯರು ಕೂಡ ಮೊದಲ ಏಳು ದಿನ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಮನೆ ಪ್ರಾರ್ಥನೆಯ ಕೂಟಗಳಲ್ಲಿ ಸುತ್ತಿನ ಸರದಿಯಲ್ಲಿ ವಚನ ಹೇಳುವ ರೂಢಿಯಿದ್ದರೆ, ಹೇಳುವವರು ಅದರ ಹಿಂದಿನ ಮುಂದಿನ ಎರಡು ವಚನಗಳನ್ನೂ ಓದಬೇಕೆಂಬ ನಿಯಮ ಮಾಡಿಕೊಳ್ಳಬಹುದು. ಕೂಟ ಹತ್ತು ನಿಮಿಷ ಉದ್ದವಾಗುತ್ತದೆ. ಚಹಾ ಆರುತ್ತದೆಂದು ಮನೆಯವರು ಗೊಣಗಬಹುದು.

ಡಿಸೆಂಬರ್ ಕೊನೆಯ ವಾರ ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿ ನೋಡಿ. ಯಾವ ವಚನಗಳು ಎರಡು ಮೂರು ಸಲ ಬಂದಿವೆ, ಯಾವ ಮೂರನೆಯ ಸಾಲುಗಳು ನೆರವೇರಲಿಲ್ಲ, ಯಾವ ತಿಂಗಳು ಖಾಲಿಯಿದೆ ಎಂದು ಗುರುತು ಹಾಕಿ. 31ರ ರಾತ್ರಿ ತಟ್ಟೆಯಿಂದ ಕಾರ್ಡನ್ನು ಸಂತೋಷದಿಂದಲೇ ಎತ್ತಿಕೊಳ್ಳಿ. ಮನೆಗೆ ಬಂದು ಸ್ವೆಟರ್ ಬಿಚ್ಚುವ ಮೊದಲು ಆ ಅಧ್ಯಾಯವನ್ನು ಪೂರ್ತಿ ಓದಿ, ಕಾರ್ಡಿನ ಹಿಂಬದಿಯಲ್ಲಿ ಯಾರು, ಯಾರಿಗೆ ಎಂದು ಬರೆಯಿರಿ. ಕನ್ನಡಿಗೆ ಸಿಕ್ಕಿಸುವುದು ಅದಾದ ಮೇಲೆ.